ಹೇಸರಗತ್ತೆ ಜಯಮ್ಮನೂ ನಾನೂ

ಕಣ್ಣಿಗೆ ಪೊರೆ ಬಂದಿದೆಯೆಂದು ಹೋದ ತಿಂಗಳು ರಾಮನಗರದ ಕಣ್ಣಿನ ಡಾಕ್ಟರ ಬಳಿ ಹೋಗಿದ್ದೆ. ಔಷಧದ ಹನಿ ಹಾಕಿಸಿಕೊಂಡವರೆಲ್ಲ ಬೆಂಚಿನ ಮೇಲೆ ಕಣ್ಣು ಮುಚ್ಚಿಕೊಂಡು, ಧ್ಯಾನಕ್ಕೆ ಕೂತವರ ಹಾಗೆ ಸಾಲಾಗಿ ಕೂತಿದ್ದೆವು. ಒಳಗಿನಿಂದ ನರ್ಸು, "ಜಯಮ್ಮ, ಹೊಂಗನೂರು" ಎಂದು ಕರೆದಳು. ನಾನು ಏಳುವಷ್ಟರಲ್ಲಿ ಪಕ್ಕದಲ್ಲಿದ್ದ, ಐವತ್ತು ದಾಟಿದ ಗಂಡಸರೊಬ್ಬರು ಮುಚ್ಚಿದ ಕಣ್ಣಲ್ಲೇ ನನ್ನ ಕಡೆ ತಿರುಗಿದರು.

"ಯಾವ ಜಯಮ್ಮ? ಹಿಮದಾಗೆ ಬಿದ್ದಿದ್ದ ಜಯಮ್ಮನಾ?"

ಹೌದು ಎಂದೆ.

"ಗೊರಸು ವಾಸಿ ಆಯ್ತಾ ತಾಯಿ?"

ವಾಸಿಯಾಗಿದೆ ಎಂದೆ. ಬೇರೇನು ಹೇಳಲಿ? ಅವರಿಗೆ ಬಹಳ ಸಂತೋಷವಾಯಿತು. ನರ್ಸು ಮಾತ್ರ ಒಳಗೆ ಕರೆದುಕೊಂಡು ಹೋಗುವಾಗ ಎರಡು ಸಲ ನನ್ನ ಕಾಲು ನೋಡಿದಳು.

ಈ ವಿಷಯವನ್ನು ನಿಮಗೆ ಈಗಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನಾಳೆ ನೀವೂ ಯಾವುದಾದರೂ ಬಸ್ಸಿನಲ್ಲಿ ಸಿಕ್ಕಿ ನನ್ನ ಗೊರಸನ್ನು ವಿಚಾರಿಸಿಕೊಂಡೀರಿ. ನನಗೆ ಗೊರಸಿಲ್ಲ. ಗೊರಸಿದ್ದದ್ದು ಇನ್ನೊಬ್ಬ ಜಯಮ್ಮನಿಗೆ. ಅವಳು ಸೈನ್ಯದ ಹೇಸರಗತ್ತೆ. ನನ್ನ ಯಜಮಾನರು ಬರೆದ ಹನ್ನೊಂದು ಬೊಂಬೆ ಪುಸ್ತಕಗಳಿಗೆ ಅವಳೇ ನಾಯಕಿ.

ನಮ್ಮ ಯಜಮಾನರ ಹೆಸರು ಪುಟ್ಟಸ್ವಾಮಿ. ಊರಿನವರು ಮಿಲಿಟ್ರಿ ಪುಟ್ಟಸ್ವಾಮಿ ಎನ್ನುತ್ತಿದ್ದರು. ಮದುವೆಯಾಗಿ ನಲವತ್ತು ದಿನಕ್ಕೆ ಸೈನ್ಯಕ್ಕೆ ಹಿಂದಿರುಗಿದವರು. ನಾನು ಮಾಗಡಿ ಕಡೆಯ ಹುಡುಗಿ, ಹೊಂಗನೂರಿಗೆ ಸೊಸೆಯಾಗಿ ಬಂದು ಅಲ್ಲಿಯ ಪ್ರಾಥಮಿಕ ಶಾಲೆಯಲ್ಲೇ ಟೀಚರಾಗಿದ್ದೆ. ಆ ನಲವತ್ತು ದಿನದಲ್ಲಿ ಅವರು ಒಂದು ಸಲವೂ ನನ್ನ ಹೆಸರು ಹಿಡಿದು ಕರೆಯಲಿಲ್ಲ. ತುಂಬಿದ ಮನೆ, ಜಗಲಿಯ ಮೇಲೆ ಮಾವ, ಅಡಿಗೆ ಮನೆಯಲ್ಲಿ ಅತ್ತೆ. ಗಂಡ ಹೆಂಡತಿಯ ಹೆಸರು ಕೂಗುವುದೆಂದರೆ ಆಗ ಷರಟು ಬಿಚ್ಚಿಕೊಂಡು ಪೇಟೆಗೆ ಹೋದಷ್ಟು ನಾಚಿಕೆಯ ಸಂಗತಿ. "ಇಲ್ನೋಡು" ಎನ್ನುತ್ತಿದ್ದರು. ನಾನು ನೋಡುತ್ತಿದ್ದೆ.

ಗಡಿಯಿಂದ ಅವರ ಕಾಗದ ಬಂದರೆ ಮನೆಯಲ್ಲಿ ಓದು ಬರುತ್ತಿದ್ದವಳು ನಾನೊಬ್ಬಳೇ. ಮಾವ, ಅತ್ತೆ ಇಬ್ಬರನ್ನೂ ಕೂರಿಸಿ ಗಟ್ಟಿಯಾಗಿ ಓದಬೇಕು. ಮೊದಲ ಕಾಗದದಲ್ಲಿ ಕ್ಷೇಮಸಮಾಚಾರ ಮುಗಿದ ಮೇಲೆ ಹೀಗಿತ್ತು: "ಜಯಮ್ಮ ಚೆನ್ನಾಗಿದ್ದಾಳೆ. ದಿನಕ್ಕೆ ಎರಡು ಸೇರು ಕಡಲೆ ತಿನ್ನುತ್ತಾಳೆ. ಮೊನ್ನೆ ಒಬ್ಬ ಸುಬೇದಾರರಿಗೆ ಒದ್ದಳು."

ನಾನು ಓದಿ ನಿಲ್ಲಿಸಿದೆ. ಮಾವ ನನ್ನನ್ನು ನೋಡಿದರು. ಅತ್ತೆ ಮಾವನನ್ನು ನೋಡಿದರು. ಇನ್ನೊಂದು ಸಲ ಓದು ಎಂದರು. ಓದಿದೆ. ಕಡಲೆ, ಒದೆ ಎರಡೂ ಅಲ್ಲೇ ಇದ್ದವು. ಮಗ ಅಲ್ಲಿ ಇನ್ನೊಂದು ಮದುವೆ ಮಾಡಿಕೊಂಡಿದ್ದಾನೆ, ಮರೆಯಬಾರದೆಂದು ಅದೇ ಹೆಸರಿನವಳನ್ನೇ ಹುಡುಕಿದ್ದಾನೆ ಎಂದು ಅತ್ತೆ ಅಳುವುದಕ್ಕೆ ಶುರು ಮಾಡಿದರು. ನನಗೂ ಅಳು ಬಂತು. ಆದರೆ ಎರಡು ಸೇರು ಕಡಲೆಯ ಲೆಕ್ಕ ಮಾತ್ರ ತಲೆಗೆ ಹತ್ತುತ್ತಲೇ ಇರಲಿಲ್ಲ. ಹದಿನೈದು ದಿನ ಆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಎರಡನೆಯ ಕಾಗದ ಬಂತು. "ಜಯಮ್ಮನಿಗೆ ಹೊಸ ಲಾಳ ಹೊಡೆಸಿದೆ."

ಮಾವ ಕಂಬಕ್ಕೆ ಒರಗಿ ಉಸಿರು ಬಿಟ್ಟರು. "ಲಾಳ ಹೊಡ್ಸವ್ನೆ ಅಂದ್ಮೇಲೆ ಹೆಂಗ್ಸಲ್ಲ ಬುಡು."

ಚೀನಾದ ಯುದ್ಧ ಮುಗಿದು ಅವರು ಮನೆಗೆ ಬಂದಾಗ ಎಡಗಾಲಿನ ಮೂರು ಬೆರಳನ್ನು ಹಿಮ ತಿಂದಿತ್ತು. ಗದ್ದೆಯ ಕೆಲಸ ಆಗುತ್ತಿರಲಿಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಒಂದು ಸಾಲು ನಡೆದರೆ ಕೂತುಬಿಡಬೇಕು. ಸಂಜೆಯಾದರೆ ಊರ ಗಂಡಸರೆಲ್ಲ ಯುದ್ಧದ ಕಥೆ ಕೇಳಲು ಜಗಲಿಗೆ ಬರುವರು. ಇವರು ಬಾಯಿ ತೆರೆಯುವರು, ಸ್ವಲ್ಪ ಹೊತ್ತು ಹಾಗೇ ಇರುವರು, ಆಮೇಲೆ "ಚಳಿ ಇತ್ತು" ಎನ್ನುವರು. ಅಷ್ಟೇ. ಮಾರನೆಯ ದಿನವೂ ಚಳಿಯೇ. ಒಂದು ವಾರ ಚಳಿ ಕೇಳಿದ ಮೇಲೆ ಊರಿನವರು ಬರುವುದನ್ನು ಬಿಟ್ಟರು. ಅಷ್ಟು ದೂರ ಹೋಗಿ ಬಂದವನು ಇನ್ನೊಂದು ಮಾತು ಹೇಳಬಾರದೇ ಎಂದು ಅವರಿಗೆ ಬೇಸರ. ನನಗೂ ಬೇಸರವೇ. ಗಂಡ ತಿರುಗಿ ಬಂದಿದ್ದಾರೆ, ಮಾತು ಮಾತ್ರ ಎಲ್ಲೋ ಉಳಿದುಬಿಟ್ಟಿದೆ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ನೋಡಿದರೆ, ರೇಷ್ಮೆಯ ಹುಳುಮನೆಯ ಸುಣ್ಣದ ಗೋಡೆಯ ತುಂಬ ಇದ್ದಿಲಿನಲ್ಲಿ ಬರೆದ ಹೇಸರಗತ್ತೆ. ಒಂದು ಕಡೆ ಬೆಟ್ಟ ಹತ್ತುತ್ತಿದೆ, ಇನ್ನೊಂದು ಕಡೆ ಸುಬೇದಾರರಿಗೆ ಒದೆಯುತ್ತಿದೆ, ಮತ್ತೊಂದು ಕಡೆ ಸುಮ್ಮನೆ ನಿಂತು ನಮ್ಮನ್ನು ನೋಡುತ್ತಿದೆ. ಬಾಯಿಂದ ಹೇಳಲಾಗದವರು ಗೋಡೆಗೆ ಹೇಳಿದ್ದರು. ಬಿಟ್ಟುಹೋಗಿದ್ದ ಜನ ಮತ್ತೆ ಬಂದರು. ಹುಳುಗಳಿಗೆ ಗಲಾಟೆಯಾಗುತ್ತದೆಂದು ಮಾವ ಎಲ್ಲರನ್ನೂ ಸಾಲಾಗಿ ಒಳಗೆ ಬಿಟ್ಟು ಇನ್ನೊಂದು ಬಾಗಿಲಿಂದ ಹೊರಗೆ ಕಳಿಸುತ್ತಿದ್ದರು.

ಹಾಗೆ ಸಾಲಿನಲ್ಲಿ ಬಂದವರಲ್ಲಿ ಚನ್ನಪಟ್ಟಣದ ಬಷೀರಣ್ಣನೂ ಒಬ್ಬ. ಬೊಂಬೆ ಮಾಡುವವನು. ಬೊಂಬೆಗೆ ಹಾಲೆಮರ ಕೊಳ್ಳಲು ನಮ್ಮೂರಿಗೆ ಬರುತ್ತಿದ್ದ. ಗೋಡೆಯ ಮುಂದೆ ಬಹಳ ಹೊತ್ತು ನಿಂತು, ಇದನ್ನು ಮರದಲ್ಲಿ ಕೆತ್ತಿಕೊಡುತ್ತೇನೆ, ಮಸಿ ಬಳಿದು ಅಚ್ಚು ಹಾಕಿಸಿದರೆ ಪುಸ್ತಕವಾಗುತ್ತದೆ ಎಂದ. ಯಜಮಾನರು ಯುದ್ಧದಿಂದ ಬಂದ ಮೇಲೆ ಮೊದಲ ಸಲ ಚುರುಕಾಗಿ ಎದ್ದು ನಿಂತದ್ದು ಅವತ್ತು.

ಆದರೆ ಬಷೀರಣ್ಣನ ಕೈಗೆ ಜೀವಮಾನವೆಲ್ಲ ದುಂಡಗಿನದು ಮಾಡಿ ಅಭ್ಯಾಸ. ಯಾರ ಮುಖ ಕೆತ್ತಿದರೂ ದುಂಡಗೆ ಬರುತ್ತಿತ್ತು. ನಮ್ಮ ಸೈನಿಕರೂ ದುಂಡಗೆ, ಶತ್ರುಗಳೂ ದುಂಡಗೆ, ಜನರಲ್ ಸಾಹೇಬರೂ ದುಂಡಗೆ. ಜಯಮ್ಮನಿಗೆ ಒಂದೇ ಒಂದು ದೊಡ್ಡ ಅಚ್ಚು ಕೆತ್ತಿದ. ನಿಂತ ಜಯಮ್ಮ. ಅದನ್ನೇ ಅಡ್ಡ ಇಟ್ಟರೆ ಮಲಗಿದ ಜಯಮ್ಮ, ತಲೆಕೆಳಗು ಇಟ್ಟರೆ ಬೆಟ್ಟದಿಂದ ಬಿದ್ದ ಜಯಮ್ಮ. ಸೈನ್ಯದ ಹೇಸರಗತ್ತೆಗಳ ಗೊರಸಿನ ಮೇಲೆ ನಂಬರು ಸುಟ್ಟಿರುತ್ತಾರಂತೆ. ಯಜಮಾನರು ಅದೂ ಇರಲೇಬೇಕೆಂದು ಹಠ ಹಿಡಿದರು. ಬಷೀರಣ್ಣ ಕೆತ್ತಿದ. ಅಚ್ಚಿನಲ್ಲಿ ಅಕ್ಷರ ತಿರುವುಮುರುವು ಕೆತ್ತಬೇಕೆಂಬುದು ಆಗ ಅವನಿಗೆ ಹೊಳೆಯಲಿಲ್ಲ. ನಂಬರು ಉಲ್ಟಾ ಬಂತು. ತಿದ್ದು ಎಂದರೆ, "ಗೊರಸಿನ ನಂಬರು ಯಾರು ಓದ್ತಾರೆ ಪುಟ್ಟಸ್ವಾಮಣ್ಣ" ಎಂದ. ನಮಗೂ ಸರಿಯೆನಿಸಿತು.

ಅಚ್ಚು ಹಾಕಿದ್ದು ಚನ್ನಪಟ್ಟಣದ ಒಂದು ಲಗ್ನಪತ್ರಿಕೆಯ ಪ್ರೆಸ್ಸಿನಲ್ಲಿ. ಅಲ್ಲಿ ಉಳಿದ ಕಾಗದ ಅಗ್ಗ. ಅದೆಲ್ಲ ಗುಲಾಬಿ ಬಣ್ಣದ್ದು. ಹೀಗಾಗಿ ನಮ್ಮ ಹಿಮಾಲಯದ ಹಿಮವೆಲ್ಲ ಗುಲಾಬಿಯಾಯಿತು. ಶತ್ರುಗಳ ಟೋಪಿಯ ಅಚ್ಚು ಎರಡನೇ ಪುಸ್ತಕದ ಹೊತ್ತಿಗೆ ಕಳೆದುಹೋಯಿತು. ಪ್ರೆಸ್ಸಿನ ಯಜಮಾನರು ಹುಡುಕಿ ಹುಡುಕಿ, ತಲೆಯ ಮೇಲೆ ಏನಾದರೂ ಇರುವವನ ಅಚ್ಚು ಇದೊಂದೇ ಇರುವುದು ಎಂದು ಪೇಟ ಸುತ್ತಿ ಬಾಸಿಂಗ ಕಟ್ಟಿಕೊಂಡ ಮದುವೆ ಗಂಡನ್ನು ಕೊಟ್ಟರು. ಆ ಪುಸ್ತಕದಲ್ಲಿ ಜಯಮ್ಮ ಗುಲಾಬಿ ಹಿಮದಲ್ಲಿ ಹನ್ನೆರಡು ಮಂದಿ ಮದುವೆ ಗಂಡುಗಳನ್ನು ಒದ್ದು ಕಣಿವೆಗೆ ಕೆಡವುತ್ತಾಳೆ. ಒಬ್ಬ ಓದುಗನೂ ಏಕೆ ಎಂದು ಕೇಳಲಿಲ್ಲ. ಹೆಂಗಸರಿಗಂತೂ ಅದು ಬಹಳ ಹಿಡಿಸಿತು.

ಮಾತು ಬರೆಯುವುದು ನನ್ನ ಕೆಲಸ. ಕತ್ತೆ ಶುದ್ಧ ಕನ್ನಡ ಆಡಬೇಕು, ಮಕ್ಕಳು ಓದುವ ಪುಸ್ತಕ ಎಂದು ನಾನು. ಹೊಂಗನೂರಿನವಳು ಹೊಂಗನೂರಿನ ಹಾಗೇ ಆಡಬೇಕು ಎಂದು ಅವರು. ಜೊತೆಗೆ, ಕತ್ತೆಯಲ್ಲ, ಹೇಸರಗತ್ತೆ ಎಂದು ತಿದ್ದುವರು. ಕೊನೆಗೆ ಅವಳು ಸುಬೇದಾರರೊಡನೆ ಶುದ್ಧ ಕನ್ನಡ, ಶತ್ರುಗಳೊಡನೆ ನಮ್ಮೂರ ಕನ್ನಡ ಆಡುವುದೆಂದು ರಾಜಿಯಾಯಿತು. ಪುಸ್ತಕದ ಮೇಲೆ "ಚಿತ್ರ: ಮಿಲಿಟ್ರಿ ಪುಟ್ಟಸ್ವಾಮಿ, ಮಾತು: ಜಯಮ್ಮ" ಎಂದು ಅಚ್ಚಾಯಿತು. ಎಂಥ ಒಳ್ಳೆಯ ಹೇಸರಗತ್ತೆ, ತನ್ನ ಮಾತು ತಾನೇ ಬರೆದಿದೆ ಎಂದು ಜನ ತಿಳಿದರು.

ಪುಸ್ತಕ ಓಡಿತು. ಯಜಮಾನರು ಟ್ರಂಕಿನ ಮೇಲೆ ಕೂತು ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಮಾರಿದರು. ಅಲ್ಲಿಂದ ವಿರೂಪಾಕ್ಷಿಪುರ, ಕನಕಪುರ, ಮಾಗಡಿ ಎಂದು ಬಸ್ಸು ಹೋದಲ್ಲೆಲ್ಲ ಜಯಮ್ಮ ಹೋದಳು. ಸುಖವೆಲ್ಲ ಅವರದು, ಪಾಡು ನನ್ನದು. ಶಾಲೆಗೆ ಇನ್ಸ್‌ಪೆಕ್ಟರು ಬಂದು ಹಿಮದ ಬಣ್ಣ ಯಾವುದು ಎಂದು ಕೇಳಿದರೆ ಇಡೀ ತರಗತಿ ಒಕ್ಕೊರಲಿನಿಂದ "ಗುಲಾಬಿ" ಎಂದಿತು. ಇನ್ಸ್‌ಪೆಕ್ಟರು ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

ಇದನ್ನಾದರೂ ನುಂಗಿಕೊಂಡೇನು. ಒಂದು ದಿನ ಮಾಗಡಿಯಿಂದ ನನ್ನ ಅಣ್ಣ ಬಂದ. ನೀರೂ ಕುಡಿಯದೆ ಜಗಲಿಯ ತುದಿಯಲ್ಲಿ ಕೂತು ಅಪ್ಪನ ಮಾತು ಒಪ್ಪಿಸಿದ. ಸಾವನದುರ್ಗಕ್ಕೆ ಬಂದ ಯಾತ್ರಿಕರ ಕೈಯಲ್ಲೂ ಆ ಪುಸ್ತಕ ಇದೆಯಂತೆ. ನಮ್ಮ ಮನೆಯ ಹೆಣ್ಣನ್ನು ಕತ್ತೆ ಎಂದು ಅಚ್ಚು ಹಾಕಿಸಿ ಮಾರುವ ಮನೆಯ ಹೊಸಿಲು ಇನ್ನು ತುಳಿಯುವುದಿಲ್ಲ ಎಂದು ಅಪ್ಪ ಹೇಳಿದ್ದಾರಂತೆ. ಅಣ್ಣ ಹೋದ ಮೇಲೆ ನಾನು ಯಜಮಾನರಿಗೆ ಹೇಳಿದೆ, ಹೆಸರು ಬದಲಾಯಿಸಿ. ರಾಣಿ ಎನ್ನಿ, ಚಂದ್ರಿ ಎನ್ನಿ, ನಿಮ್ಮ ಅಮ್ಮನ ಹೆಸರಿಡಿ.

ಉಪ್ಪು ಹೆಚ್ಚಾದರೂ ಮಾತಾಡದೆ ಉಣ್ಣುವ ಮನುಷ್ಯ. ಈ ಒಂದಕ್ಕೆ ಮಾತ್ರ ತಲೆ ಅಲ್ಲಾಡಿಸಿದರು. "ಆಗಾಕಿಲ್ಲ" ಎಂದರು. ಕಾರಣ ಕೇಳಿದರೆ ಬಾಯಿ ತೆರೆದರು, ಸ್ವಲ್ಪ ಹೊತ್ತು ಹಾಗೇ ಇದ್ದರು, ಮುಚ್ಚಿಕೊಂಡರು.

ನಾನು ಮಾತು ಬರೆಯುವುದನ್ನು ನಿಲ್ಲಿಸಿದೆ. ನನ್ನ ಮಾತಿಲ್ಲದೆ ಪುಸ್ತಕ ಹೇಗೆ ಓಡುತ್ತದೋ ನೋಡೋಣ ಎಂಬ ಜಂಬ. ಐದನೇ ಪುಸ್ತಕದಲ್ಲಿ ಅವರೇ ಬರೆದರು. ಮೂವತ್ತೆರಡು ಪುಟ. ಪ್ರತಿ ಪುಟದಲ್ಲೂ ಜಯಮ್ಮ ಹೇಳುವುದು ಒಂದೇ ಮಾತು: "ಚಳಿ ಐತೆ." ಮಿಕ್ಕ ಪುಸ್ತಕಗಳಷ್ಟೇ ಖರ್ಚಾಯಿತು. ಈ ಸಲ ಮಾತು ಚೆನ್ನಾಗಿದೆ ಎಂದು ಬಷೀರಣ್ಣ ನನ್ನೆದುರೇ ಹೇಳಿದ. ಆರನೇ ಪುಸ್ತಕಕ್ಕೆ ನಾನು ಯಾರೂ ಕರೆಯದೆಯೇ ಹೋಗಿ ಪೆನ್ನು ಹಿಡಿದು ಕೂತೆ. ಹೆಸರಿನ ಜಗಳ ಮಾತ್ರ ಒಳಗೊಳಗೇ ಉಳಿದಿತ್ತು. ತವರಿನ ಬಾಗಿಲು ಮುಚ್ಚಿತ್ತು.

ಅಷ್ಟರಲ್ಲಿ ಕಥೆ ಯುದ್ಧ ಬಿಟ್ಟು ಬೇರೆ ದಾರಿ ಹಿಡಿದಿತ್ತು. ಜಯಮ್ಮನ ಮುಂಗಾಲಿನ ಗೊರಸು ಸೀಳಿದೆ, ಬಟ್ಟೆ ಕಟ್ಟಿಕೊಂಡು ಹೊಂಗನೂರಿಗೆ ನಡೆದು ಬರುತ್ತಿದ್ದಾಳೆ. ಯಜಮಾನರು ನೋಡಿದ್ದ ಭಾರತವೆಂದರೆ ಮಿಲಿಟರಿ ರೈಲಿನ ಕಿಟಕಿಯಿಂದ ಕಂಡದ್ದು. ಆದ್ದರಿಂದ ಅವಳು ಪ್ರತಿ ಸ್ಟೇಷನ್ನಿನಲ್ಲೂ ನಿಂತು ಟೀ ಕುಡಿದೇ ಮುಂದೆ ಹೋಗುವಳು. ಒಂಬತ್ತನೇ ಪುಸ್ತಕದಲ್ಲಿ ಕೋಲಾರಕ್ಕೆ ಬಂದಿದ್ದಳು. ಅವಳು ಬರುವ ದಿನ ಯಾವುದೆಂದು ಊರಿನಲ್ಲಿ ಮಾತುಕತೆ ನಡೆದಿತ್ತು.

ಬಂದದ್ದು ಜಯಮ್ಮನಲ್ಲ. ಹತ್ತು ಗಂಟೆಯ ಬಸ್ಸಿನಲ್ಲಿ ಸಮವಸ್ತ್ರದ ಒಬ್ಬ ಹವಾಲ್ದಾರ್ ಗುಮಾಸ್ತ ಬಂದ. ಕೈಯಲ್ಲಿ ತಗಡಿನ ಪೆಟ್ಟಿಗೆ. ಕನಕಪುರದ ಕಡೆಯವನಂತೆ, ಕನ್ನಡ ಬರುತ್ತದೆಂದು ಅವನನ್ನೇ ಕಳಿಸಿದ್ದರು. ನಮ್ಮ ಕಡೆಯ ಯಾರೋ ಸೈನಿಕ ರಜೆ ಮುಗಿಸಿ ಹೋಗುವಾಗ ನಮ್ಮ ಪುಸ್ತಕ ಒಯ್ದಿದ್ದ. ಅದು ಕೈಯಿಂದ ಕೈಗೆ ಹೋಗಿ ಒಬ್ಬ ಅಧಿಕಾರಿಯ ಮೇಜಿಗೆ ತಲುಪಿತ್ತು. ಸತ್ತುಹೋಗಿದೆ ಎಂದು ಪುಟ್ಟಸ್ವಾಮಿಯೇ ವರದಿ ಕೊಟ್ಟ ಹೇಸರಗತ್ತೆ ಪುಸ್ತಕದಲ್ಲಿ ಬದುಕಿದೆ, ಮನೆಗೆ ಬರುತ್ತಿದೆ. ವರದಿ ಸುಳ್ಳೋ ಪುಸ್ತಕ ಸುಳ್ಳೋ ವಿಚಾರಿಸಿ ಬಾ ಎಂದು ಅಪ್ಪಣೆಯಾಗಿತ್ತು.

ಇದನ್ನು ಕೇಳಿದ್ದೇ ತಡ, ಮಾವ ಹಿಂಬಾಗಿಲಿಂದ ಹೋಗಿ ಮಗನನ್ನು ಹುಳುಮನೆಯಲ್ಲಿ, ಗೂಡು ಕಟ್ಟಲು ಹುಳು ಬಿಟ್ಟಿದ್ದ ಬಿದಿರು ತಟ್ಟಿಯ ಚಂದ್ರಿಕೆಗಳ ಹಿಂದೆ ಅಡಗಿಸಿದರು. ಸುಳ್ಳು ವರದಿಗೆ ಸೈನ್ಯದಲ್ಲಿ ನೇಣು ಎಂದು ಅವರಿಗೆ ಯಾರೋ ಹೇಳಿದ್ದರು. ಮನೆಯಲ್ಲಿಲ್ಲ, ಮಾಗಡಿಗೆ ಹೋಗಿದ್ದಾನೆ ಎಂದರು. ಗುಮಾಸ್ತ ಸಂಕಟದಿಂದ ಅಂಗಳದಲ್ಲಿ ನಿಂತ. ಅಷ್ಟು ದೂರದಿಂದ ಬಂದವನು. ಏನು ತೋಚಿತೋ, ಗಂಟಲು ಸರಿಮಾಡಿಕೊಂಡು ಕವಾಯತಿನ ದನಿಯಲ್ಲಿ "ಸಾವಧಾನ್!" ಎಂದು ಕೂಗಿದ.

ಹುಳುಮನೆಯ ಬಾಗಿಲು ತೆರೆಯಿತು. ಯಜಮಾನರು ಎದೆಯುಬ್ಬಿಸಿ, ಮೂರು ಬೆರಳಿಲ್ಲದ ಕಾಲನ್ನು ನೆಲಕ್ಕೆ ಬಡಿದು ನಿಂತರು. ಭುಜದ ಮೇಲೆ ನಾಲ್ಕೈದು ರೇಷ್ಮೆ ಹುಳುಗಳು. ಮಾವ ತಲೆಯ ಮೇಲೆ ಕೈ ಹೊತ್ತರು.

ಗುಮಾಸ್ತ ಪೆಟ್ಟಿಗೆ ತೆರೆದು ನಮ್ಮ ಪುಸ್ತಕ ತೆಗೆದ. ಜೊತೆಗೆ ಕ್ಷೌರದ ಕನ್ನಡಿ ತೆಗೆದ. ಜಯಮ್ಮನ ಗೊರಸಿನ ಎದುರು ಕನ್ನಡಿ ಹಿಡಿದು ನಂಬರು ಓದಿದ, ಕಡತದಲ್ಲಿದ್ದ ನಂಬರು ಓದಿದ. ಎರಡೂ ಒಂದೇ. ಅಂತೂ ಗೊರಸಿನ ನಂಬರು ಓದುವವನೊಬ್ಬ ಸಿಕ್ಕಿದ್ದ.

ಆಮೇಲೆ ಯಜಮಾನರು ನಿಂತಲ್ಲೇ ಹೇಳಿದರು. ಯುದ್ಧದಿಂದ ಬಂದು ಐದು ವರ್ಷವಾಗಿತ್ತು, ಅವತ್ತಿಗೆ ಮಾತು ಬಂತು. ಹಿಂದೆ ಸರಿಯಬೇಕೆಂದು ಆಜ್ಞೆಯಾಗಿತ್ತಂತೆ. ನಡೆಯಲಾರದ ಪ್ರಾಣಿಗಳು ಶತ್ರುವಿನ ಕೈಗೆ ಸಿಗಬಾರದು, ಗುಂಡು ಹಾಕಿ ಎಂದಿದ್ದರಂತೆ. ಜಯಮ್ಮನ ಗೊರಸು ಕಲ್ಲಿಗೆ ಸಿಕ್ಕಿ ಸೀಳಿತ್ತು. ಇವರು ಅವಳನ್ನು ಬಂಡೆಯ ಹಿಂದಕ್ಕೆ ಕರೆದುಕೊಂಡು ಹೋಗಿ, ಹೊರೆ ಇಳಿಸಿ, ಹಗ್ಗ ಬಿಚ್ಚಿ, ಒಂದು ಗುಂಡನ್ನು ಆಕಾಶಕ್ಕೆ ಹಾರಿಸಿದರು. ತಮ್ಮವರ ಬಳಿಗೆ ಮರಳಿ, ಅವಳು ಸತ್ತಳೆಂದು ವರದಿ ಮಾಡಿದರು. ಸ್ವಲ್ಪ ದೂರ ನಡೆದು ತಿರುಗಿದರೆ, ಸತ್ತವಳು ಕುಂಟುತ್ತ ಹಿಂದೆಯೇ ಬರುತ್ತಿದ್ದಾಳೆ. ಯಾರಾದರೂ ನೋಡಿದರೆ ಅವಳಿಗೆ ಗುಂಡು. ಕಲ್ಲು ಎತ್ತಿ ಹೊಡೆದರು. ಎರಡು ಕಲ್ಲು ತಪ್ಪಿದವು. ಮೂರನೆಯದು ಹಣೆಗೆ ತಗುಲಿತು. ಆಗ ನಿಂತಳು.

"ಹೆಸ್ರಿಡ್ದು ಕರುದ್ರೆ ಎಲ್ಲಿದ್ರೂ ಬತ್ತಿದ್ಲು ಸಾ" ಎಂದರು. "ಅವತ್ತು ಹೆಸ್ರಿಡ್ದೇ ಬೈದೆ, ಬರ್ಬ್ಯಾಡ ಅಂತ."

ಗುಮಾಸ್ತ ಬರೆಯುವುದನ್ನು ನಿಲ್ಲಿಸಿ, ಹೇಸರಗತ್ತೆಗೆ ಈ ಹೆಸರು ಏಕೆ ಇಟ್ಟೆ ಎಂದು ಕೇಳಿದ. ಯಜಮಾನರು ನನ್ನ ಕಡೆ ನೋಡಲಿಲ್ಲ. ಮಾವನ ಕಡೆಯೂ ನೋಡಲಿಲ್ಲ. ಎದುರಿನ ತೆಂಗಿನ ಮರ ನೋಡಿಕೊಂಡು ಹೇಳಿದರು.

"ಮನೇಲಿ ಕರ್ಯಕ್ಕೆ ನಾಚ್ಕೆ ಸಾ. ಅಲ್ಲಿ ಬೆಟ್ಟದ ಮ್ಯಾಲೆ ಯಾರಿದ್ರು ಕೇಳಕ್ಕೆ. ದಿನಾ ಕರೀತಿದ್ದೆ."

ಮಾವ ಕೆಮ್ಮಿದರು. ಎದ್ದು, ಇಲ್ಲದ ಕೆಲಸ ನೆನಪಿಸಿಕೊಂಡು ಗದ್ದೆಯ ಕಡೆ ಹೋದರು. ನನ್ನ ಎದೆಯಲ್ಲಿದ್ದ ಜಗಳ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಎರಡು ವರ್ಷ ತವರು ಬಿಟ್ಟು ಸಾಕಿಕೊಂಡಿದ್ದ ಜಗಳ. ಅಷ್ಟು ಸುಲಭವಾಗಿ ಹೋಗಬಾರದಿತ್ತು.

ಗುಮಾಸ್ತನಿಗೆ ಬೇರೆ ಕಷ್ಟ. ಅವನ ಫಾರಮಿನಲ್ಲಿ ಇದ್ದದ್ದು ಎರಡೇ ಕಾಲಂ. ಸತ್ತಿದೆ, ಬದುಕಿದೆ.

"ಬುಟ್ಬುಟ್ಟೆ ಅನ್ನಕ್ಕೆ ಕಾಲಂ ಇಲ್ಲ ಕಣಣ್ಣ. ಸತ್ತೋಗದೆ ಅಂತ ಬರ್ಕೊಂಡ್ರೆ ನಿನ್ನ ವರದಿ ನಿಜ ಆಯ್ತದೆ, ಕೇಸು ಮುಗೀತದೆ. ಹೂಂ ಅನ್ನು."

ಎಷ್ಟು ಸುಲಭ. ಒಂದು ಹೂಂ. ಯಜಮಾನರ ಬಾಯಿ ತೆರೆಯಿತು. ಹಾಗೇ ಇತ್ತು. ಕಣ್ಣಲ್ಲಿ ನೀರು ತುಂಬಿಕೊಂಡಿತು, ಹೂಂ ಮಾತ್ರ ಬರಲಿಲ್ಲ. ನಾಲ್ಕು ವರ್ಷದಿಂದ ಅವಳ ಮಾತು ಬರೆಯುತ್ತಿದ್ದವಳು ನಾನು. ಅಭ್ಯಾಸಬಲ.

"ಬದುಕಿದ್ದಾಳೆ ಅಂತ ಬರ್ಕೊಳ್ಳಿ" ಎಂದೆ.

"ಎಲ್ಲವ್ಳೆ ತಾಯಿ?"

"ಇಲ್ಲೇ. ಹೊಂಗನೂರಲ್ಲಿ."

ಅವನು ಕೊಟ್ಟಿಗೆಯ ಕಡೆ ನೋಡಿದ. ಎರಡು ಎತ್ತು, ಒಂದು ಎಮ್ಮೆ. ಸಾಕ್ಷಿಯ ಕಾಲಂಗೆ ನನ್ನ ಹೆಸರು ಕೇಳಿದ. ಹೇಳಿದೆ. ಪೆನ್ನು ನಿಂತಿತು. ನನ್ನನ್ನೊಮ್ಮೆ, ಯಜಮಾನರನ್ನೊಮ್ಮೆ ನೋಡಿ, ತಲೆ ತಗ್ಗಿಸಿ ಬಹಳ ಹೊತ್ತು ಏನೋ ಬರೆದ. ಮುದ್ದೆ, ಹುರುಳಿಕಾಳಿನ ಸಾರು ಉಂಡ. ಹೋಗುವಾಗ ಕೋಲಾರದ ಮುಂದಿನ ಪುಸ್ತಕ ಬಂದರೆ ಒಂದು ಪ್ರತಿ ಕಳಿಸಿ ಎಂದು ವಿಳಾಸ ಕೊಟ್ಟ.

ಅವನೇನು ಬರೆದ ಎಂದು ನಮಗೆ ಗೊತ್ತಿಲ್ಲ. ಮೂರು ತಿಂಗಳು ಕಾದೆವು. ಪೋಸ್ಟ್‌ಮ್ಯಾನ್ ಕಂಡಾಗಲೆಲ್ಲ ಮಾವ ಮಗನಿಗೆ ಹುಳುಮನೆ ತೋರಿಸುತ್ತಿದ್ದರು. ಕೊನೆಗೆ ಉದ್ದನೆಯ ಸರ್ಕಾರಿ ಲಕೋಟೆ ಬಂತು. ಕಾಗದ ಇಂಗ್ಲಿಷಿನಲ್ಲಿತ್ತು. ಶಾಲೆಯ ನಿಘಂಟು ತಂದು ಪದ ಪದ ಬಿಡಿಸಿ ಎಲ್ಲರೆದುರು ಓದಿದೆ.

"ಸದರಿ ಜಯಮ್ಮ ಹೊಂಗನೂರು ಗ್ರಾಮದಲ್ಲಿ ಪತ್ತೆಯಾಗಿರುತ್ತಾಳೆ. ಆರೋಗ್ಯ ತೃಪ್ತಿಕರ. ಮೇವು ಚೆನ್ನಾಗಿ ತಿನ್ನುತ್ತಾಳೆ. ಆದರೆ ವಯಸ್ಸಾಗಿರುವ ಕಾರಣ ಮುಂದಿನ ಸೇವೆಗೆ ಯೋಗ್ಯಳಲ್ಲ. ಆದುದರಿಂದ ಮಾಜಿ ಸೈನಿಕ ಪುಟ್ಟಸ್ವಾಮಿಯ ಬಳಿಯೇ ಉಳಿಸಲು ಅನುಮತಿಸಲಾಗಿದೆ. ಕಡತ ಮುಕ್ತಾಯ."

ಅತ್ತೆ ದೇವರಿಗೆ ದೀಪ ಹಚ್ಚಿದರು. ಮಾವ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಮೊಹರನ್ನು ಕಣ್ಣಿಗೆ ಒತ್ತಿಕೊಂಡರು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. ಆಗ ನನಗೆ ಇಪ್ಪತ್ತೇಳು ವರ್ಷ. ಮೇವಿನ ಮಾತು ಹೋಗಲಿ, ವಯಸ್ಸಾಗಿದೆ ಎಂದು ಸರ್ಕಾರವೇ ಮೊಹರು ಒತ್ತಿ ಕಳಿಸಿದರೆ ಯಾವ ಹೆಂಗಸು ಸುಮ್ಮನಿದ್ದಾಳು? ಅವತ್ತೇ ಕೂತು, ವಯಸ್ಸಿನ ವಿಚಾರದಲ್ಲಿ ತಪ್ಪಾಗಿದೆ, ದಯವಿಟ್ಟು ತಿದ್ದಿಕೊಳ್ಳಬೇಕು ಎಂದು ಉತ್ತರ ಬರೆದೆ. ಅಂಟಿಸಲು ಅನ್ನದ ಅಗುಳು ಹುಡುಕುತ್ತಿದ್ದಾಗ ಯಜಮಾನರು ಬಂದು ಲಕೋಟೆಯನ್ನು ಕೈಯಿಂದ ತೆಗೆದುಕೊಂಡು ಒಲೆಗೆ ಹಾಕಿದರು.

"ಸುಮ್ಕಿರು" ಎಂದರು. "ವಯಸ್ಸಾಗಿಲ್ಲ ಅಂತ ಗೊತ್ತಾದ್ರೆ ಬಂದು ಕರ್ಕಂಡೋಯ್ತಾರೆ."